ಟಾನ್‌ನನ್ನು ಮರ ಹತ್ತಿಸಿದ ಅಣ್ಣನಿಗೆ

ಅಣ್ಣಾ, ನಿನಗೆ ಏನು ಹೇಳಲಿ?

ನಿನ್ನ ಕೋಟಿನ ಜೇಬಿನಲ್ಲಿ ಆ ಪುಟ್ಟ ನೋಟ್‌ಬುಕ್ ಸಿಕ್ಕಿತು. ಕಾರಿನ ಕಾಗದ ಎಲ್ಲಿಟ್ಟಿದ್ದೀಯೋ ಎಂದು ಅತ್ತಿಗೆ ಮನೆಯೆಲ್ಲ ತಡಕಾಡುತ್ತಿದ್ದರೆ, ನೀನು ಜೋಪಾನವಾಗಿ ಬರೆದಿಟ್ಟದ್ದು ಇದನ್ನು: ‘ಕಪ್ಪೆ ಹಿಡಿಯುವುದು ಅಂದರೆ ಜಾರಿ ಬೀಳುವುದು. ಬಾಳೆಸಿಪ್ಪೆ ತುಳಿಯುವುದು ಅಂದರೆ ಪರೀಕ್ಷೆಯಲ್ಲಿ ಫೇಲಾಗುವುದು. ಮರ ಹತ್ತಿಸುವುದು ಅಂದರೆ ಬರುತ್ತೇನೆಂದು ಹೇಳಿ ಕೈಕೊಡುವುದು.’ ಸೈಗಾನಿನ ಬೀದಿಮಾತು ಕಟ್ಟಿಕೊಂಡು ನಿನಗೇನಾಗಬೇಕಿತ್ತು?

ನೆನಪಿದೆಯಾ, ಟಾನ್ ಮೊದಲ ಸಲ ನಮ್ಮ ಜೊತೆ ಕಾರಿನಲ್ಲಿ ಬಂದ ದಿನ? ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಹೆಂಡತಿ, ಮಗುವಿನೊಂದಿಗೆ ಸೈಗಾನ್ ಬಿಟ್ಟು ಬಂದು ಅಮೆರಿಕದ ಡಿಯರ್‌ಬಾರ್ನಿನ ನಿನ್ನ ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಹೊಸದಾಗಿ ಸೇರಿದ್ದ. ನನ್ನನ್ನು ಆಸ್ಪತ್ರೆಯ ಕೆಲಸಕ್ಕೆ ಬಿಡಲು ಕಾರು ನಿಲ್ಲಿಸಿ ಇಳಿದ ನೀನು ಪಾರ್ಕಿಂಗ್ ಲಾಟಿನ ಮಂಜುಗಡ್ಡೆಯ ಮೇಲೆ ದೊಪ್ಪನೆ ಜಾರಿ ಬಿದ್ದೆ. ಟಾನ್ ನಿನ್ನನ್ನು ಎತ್ತುವುದು ಬಿಟ್ಟು, ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ, “ಕಪ್ಪೆ ಸಿಕ್ತಾ?” ಎಂದ. ನನಗೆ ಮೈಯೆಲ್ಲ ಉರಿಯಿತು. ನೀನೋ ಬಿದ್ದಲ್ಲೇ ನಗುತ್ತ, “ಪೆನ್ ಕೊಡೇ, ಬರ್ಕೋಬೇಕು” ಎಂದೆ.

ಅವನಿಗೆ ಡ್ರೈವಿಂಗ್ ಕಲಿಸಲು ಹೊರಟೆಯಲ್ಲ, ಅದನ್ನು ನೆನೆದರೆ ಈಗಲೂ ತಲೆ ಕೆಡುತ್ತದೆ. ಮೈಸೂರಿನಲ್ಲಿ ಕಲಿತವನು ನೀನು. ತಿರುವು ಬಂದರೆ ಹಾರ್ನ್, ಸೈಕಲ್ ಕಂಡರೆ ಹಾರ್ನ್. “ಇಲ್ಲಿ ಹಾಗೆ ಹೊಡೆಯೋ ಹಾಗಿಲ್ಲ ಕಣೋ” ಎಂದರೆ, “ಹೊಡೀದಿದ್ರೆ ಅವ್ರಿಗೆ ಹೇಗೆ ಗೊತ್ತಾಗತ್ತೆ?” ಎಂದು ನನಗೇ ಗದರುತ್ತಿದ್ದೆ. ಸೈಗಾನಿನವನಿಗೂ ಅದೇ ಸರಿ ಎನ್ನಿಸಿತ್ತು, ಕರ್ಮ! ಟೆಸ್ಟಿನಲ್ಲಿ ಎರಡು ಸಲ ಬಾಳೆಸಿಪ್ಪೆ ತುಳಿದ. ಅಷ್ಟರಲ್ಲಿ ಅವನನ್ನು ಬಸ್ಸೇ ಹೋಗದ ಹೊಸ ಪ್ಲಾಂಟಿಗೆ ಹಾಕಿದರು. ಲೈಸೆನ್ಸ್ ಇಲ್ಲದಿದ್ದರೆ ಕೆಲಸವೂ ಇಲ್ಲ. “ಶನಿವಾರ ಟೆಸ್ಟಿಗೆ ನಾನೇ ಕರ್ಕೊಂಡು ಹೋಗ್ತೀನಿ, ರೆಡಿಯಾಗಿರು” ಎಂದು ಮಾತು ಕೊಟ್ಟೆ. ಕೊಟ್ಟು...

ಆ ಶನಿವಾರ ಬೆಳಗ್ಗೆ ನೀನು ಕಾಫಿ ಲೋಟ ಹಿಡಿದುಕೊಂಡೇ ಕುಸಿದೆ. ಆ ಗಲಾಟೆಯಲ್ಲಿ ಟಾನ್‌ಗೆ ಫೋನ್ ಮಾಡಲು ಯಾರಿಗೂ ನೆನಪಾಗಲಿಲ್ಲ. ಎರಡು ಗಂಟೆ ಹಿಮದಲ್ಲಿ ಕಾದು, ನಡೆದುಕೊಂಡೇ ಬಂದು ಬಾಗಿಲು ಬಡಿದ. “ನಿಮ್ಮಣ್ಣ ನನ್ನನ್ನ ಮರ ಹತ್ತಿಸಿದ!” ಎಂದು ಕೂಗಾಡಿದ. “ನಮ್ಮೆಲ್ಲರನ್ನೂ ಹತ್ತಿಸಿದ, ಟಾನ್” ಎಂದೆ. ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಕುಳಿತವನು ಸಂಜೆಯವರೆಗೂ ಏಳಲಿಲ್ಲ. ಹೇಳದೆ ಕೇಳದೆ ಹೀಗೆ ಹೋಗುತ್ತಾರೇನೋ? ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಆಮೇಲೆ ಅವನಿಗೆ ಕಲಿಸುವ ಕೆಲಸ ನನ್ನ ತಲೆಗೇ ಬಂತು. ಹಾರ್ನಿನ ಮೇಲೆ ಕೈಯಿಟ್ಟರೆ ಕೈಗೆ ಹೊಡೆಯುತ್ತಿದ್ದೆ. ಮೂರನೆಯ ಸಲ ಪಾಸಾದ. ಈಗ ದಿನಾ ನನ್ನನ್ನು ಆಸ್ಪತ್ರೆಗೆ ಬಿಡುವವನು ಅವನೇ, ಹತ್ತು ಮೈಲಿ ಒಂದು ಸಲವೂ ಹಾರ್ನ್ ಮುಟ್ಟದೆ ಓಡಿಸುತ್ತಾನೆ. ಆದರೆ ನಿನ್ನ ಮನೆಯ ತಿರುವು ಬಂದರೆ ಸಾಕು, ಒಮ್ಮೆ ಜೋರಾಗಿ ಹಾರ್ನ್ ಹೊಡೆಯುತ್ತಾನೆ. ನಿನ್ನೆ ರೇಗಿಯೇಬಿಟ್ಟೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ:

“ಹೊಡೀದಿದ್ರೆ, ನಾನು ಪಾಸಾಗಿದ್ದು ನಿಮ್ಮಣ್ಣಂಗೆ ಹೇಗೆ ಗೊತ್ತಾಗತ್ತೆ?”

ಕೇಳಿಸಿತೇನೋ, ಅಣ್ಣಾ?