ಅಪ್ಪ ತುಂಬಿಸಿದ ಸಮುದ್ರ

ಅಪ್ಪಾ,

ನೀನು ಪ್ರತಿ ರಜೆಗೂ ಮುಂದೂಡುತ್ತಿದ್ದ ಹಾಲೆಂಡಿಗೆ ನಾನೊಬ್ಬಳೇ ಹೋಗಿ ಬಂದೆ. ಒಂದಿಡೀ ದಿನ ಬಸ್ಸಿನಲ್ಲಿ ಹಳ್ಳಿಗಳನ್ನು ಸುತ್ತಿದೆ. ಗಾಳಿಯಂತ್ರ, ಕಾಲುವೆ, ಹಸು ಎಲ್ಲ ನೀನು ಹೇಳುತ್ತಿದ್ದ ಹಾಗೆಯೇ ಇದ್ದವು. ಚೀಸ್ ಮಾಡುವ ಮನೆಯ ಅಜ್ಜಿಯೊಬ್ಬಳು ಹೊಲ ತೋರಿಸಿ, "ಇದೆಲ್ಲ ಸಮುದ್ರವಾಗಿತ್ತು. ನೀರು ಹೊರಹಾಕಿದವರಲ್ಲಿ ನನ್ನಪ್ಪನೂ ಒಬ್ಬ. ಆಮೇಲೆ ಇಲ್ಲೇ ಬೇಸಾಯಕ್ಕೆ ನಿಂತ," ಎಂದಳು.

"ನನ್ನಪ್ಪನೂ ಬಹರೇನಿನಲ್ಲಿ ಮರಳು ಸುರಿದು ಸಮುದ್ರ ತುಂಬಿಸಿದ್ದಾನೆ," ಅಂದೆ.

"ಹಾಗಾದರೆ ನಿಮ್ಮ ಮನೆಯೂ ಅಲ್ಲೇ ಇರಬೇಕು!"

ಬಾಯಲ್ಲಿ ಚೀಸ್ ಇದ್ದದ್ದು ಒಳ್ಳೆಯದಾಯಿತು.

ಇವತ್ತು ಬಹರೇನಿಗೆ ಮರಳಿ, ಮುಹರ್ರಕ್‌ನಲ್ಲಿ ವಿಮಾನ ಇಳಿದವಳು ರಿಫಾದ ನನ್ನ ಫ್ಲ್ಯಾಟಿಗೆ ಹೋಗದೆ, ನೀನು ಮರಳು ಸುರಿಸಿದ ಜಾಗಕ್ಕೆ ಕಾರು ತಿರುಗಿಸಿದೆ. ನಿನ್ನ ಶೂನಿಂದ ಉದುರಿದ್ದನ್ನು ಅಮ್ಮ ದಿನವೂ ಗೊಣಗುತ್ತ ಗುಡಿಸುತ್ತಿದ್ದಳಲ್ಲ, ಅದೇ ಮರಳಿನ ಮೇಲೆ ಈಗ ಈಜುಕೊಳವಿರುವ ವಿಲ್ಲಾಗಳಿವೆ. ಅರವತ್ತಾಯಿತೆಂದು ವೀಸಾ ಮುಗಿಸಿ ನಿನ್ನನ್ನು ಊರಿಗೆ ಕಳಿಸಿದರು. ಹಾಸನದ ಆಸ್ಪತ್ರೆಯಲ್ಲಿ, ಕೊನೆಯ ದಿನಗಳಲ್ಲೂ, "ನಾವು ಹೋದ್ರೇನು ಮಗಾ, ನಾವು ಮಾಡಿದ ನೆಲ ಇರುತ್ತಲ್ಲ," ಅನ್ನುತ್ತಿದ್ದೆ.

ಇದೆ ಅಪ್ಪಾ. ಚೆನ್ನಾಗಿಯೇ ಇದೆ. ಸುತ್ತ ಗೋಡೆ, ಮುಂದೆ ಗೇಟು.

ಕಾವಲಿನವನು ಕಾರು ತಡೆದು, ಮರ್ಯಾದೆಯಿಂದಲೇ ಕೇಳಿದ: "ಕೌನ್ಸಾ ವಿಲ್ಲಾ, ಮೇಡಂ?"

ರಿವರ್ಸ್ ತೆಗೆದೆ.

ಮಧು