ಬಟ್ಟೆ ಹಗ್ಗದ ಸೂರಕ್ಕಿ

ಕೊಟ್ಟೂರು, ೨೩ ಫೆಬ್ರವರಿ ೨೦೨೫, ಭಾನುವಾರ

ಇಂದು ನನ್ನ ಕೈಯಿಂದ ಒಂದು ಸಂಸಾರ ಬೀದಿಗೆ ಬೀಳುವುದಿತ್ತು. ಶಿವರಾತ್ರಿಗೆಂದು ಮನೆ ಗುಡಿಸಲು ಹೊರಟವನು, ಹಿತ್ತಲಿನ ಬಟ್ಟೆ ಹಗ್ಗಕ್ಕೆ ಜೋತುಬಿದ್ದಿದ್ದ ಕಸದ ಉಂಡೆಯತ್ತ ಪೊರಕೆ ಬೀಸಿಯೇಬಿಟ್ಟೆ. ಪುಣ್ಯಕ್ಕೆ ಗುರಿ ತಪ್ಪಿತು. ಒಳಗಿಂದ ಹೆಬ್ಬೆರಳಿನಷ್ಟು ಸೂರಕ್ಕಿ ಪುರ್ರನೆ ಹಾರಿತು.

"ಅದು ಗೂಡು ರೀ! ಜೇಡರ ಬಲಿ ಎಳಿ ಎಳಿ ತಂದು ಕಟ್ಯಾಳ. ಆಕಿ ಸಲುವಾಗಿ ನಾನು ಮೂಲ್ಯಾಗಿನ ಬಲಿ ಸೈತ ತಗದಿಲ್ಲ," ಎಂದಳು ಹೆಂಡತಿ ಸುಕನ್ಯಾ. ಇಪ್ಪತ್ತು ವರ್ಷ ಅದೇ ಬಲೆಗಾಗಿ ನನ್ನನ್ನು ಬೈದವಳು!

"ಗಂಡು ಎಲ್ಲೈತಿ?"

"ನಿಮ್ಮ ಸ್ಕೂಟರ್ ಕನ್ನಡ್ಯಾಗ ತನ್ನ ಮಾರಿ ಕೂಡ ಜಗಳ ತಗದಾನ. ಥೇಟ್ ನಿಮ್ಮಂಗ."

ತಾಯಿ ಮರಳದಿದ್ದರೆ, ಮೊಟ್ಟೆ ತಣ್ಣಗಾದರೆ? ಕಿಟಕಿಯ ಹಿಂದೆ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಕೊನೆಗೆ ಬಂದಳು. ದಾಸವಾಳಕ್ಕೆ ಕೊಕ್ಕಿಳಿಸಿ ಒಂದು ಗುಟುಕು ಹೀರಿ, ಗೂಡಿನೊಳಗೆ ನುಗ್ಗಿ, ಬಾಗಿಲಲ್ಲಿ ಕೊಕ್ಕಿಟ್ಟು ಕೂತಳು. ಸುಕನ್ಯಾ ನನ್ನ ಕೈ ಹಿಡಿದಿದ್ದು ಆಮೇಲೆ ಗೊತ್ತಾಯಿತು. ನಾನೂ ಬಿಡಿಸಿಕೊಳ್ಳಲಿಲ್ಲ.

ಹಗ್ಗ ಇನ್ನು ಬಾಣಂತಿಯದು. ಒಗೆದದ್ದೆಲ್ಲ ನಾನು ಬರೆಯುವ ಕೋಣೆಯಲ್ಲೇ ತೂಗುತ್ತಿದೆ. ಈಗಷ್ಟೇ ನನ್ನ ಬನಿಯನ್ನಿನಿಂದ ಈ ಸಾಲಿನ ಮೇಲೆಯೇ ಒಂದು ಹನಿ ಬಿತ್ತು, ಶಾಯಿ ಹರಡುತ್ತಿದೆ, ಮರಿ ಹಾರುವವರೆಗೂ ಹೀಗೇ.