ಲಾಂಡ್ರಿಯ ನೊರೆಯೂ ನಿಮ್ಮ ಹೃದಯ ಸಪ್ತಾಹವೂ

ಮಾನ್ಯರೇ, ಆರೋಗ್ಯ ಇಲಾಖೆಯ ಮೇಲಧಿಕಾರಿಗಳೇ,

ನನ್ನ ದೊಡ್ಡ ಮಗ ಹೃದಯಾಘಾತದಿಂದ ಸತ್ತನೆಂದು ನಿಮ್ಮ ಇಲಾಖೆ ಬರೆದುಕೊಂಡಿದೆ. ಅದು ಅರ್ಧ ಮಾತು. ಅವನ ಹೃದಯಕ್ಕಿಂತ ಎಷ್ಟೋ ಮೊದಲೇ ಅವನ ಮೂತ್ರಪಿಂಡಗಳು ಸತ್ತಿದ್ದವು. ಅವು ಸಾಯುತ್ತಿದ್ದ ಅಷ್ಟೂ ವರ್ಷ ಅವನು ನಿಮ್ಮದೇ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದ. ಉಳಿದರ್ಧ ಮಾತನ್ನು ನೀವು ಬರೆಯಲಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ, ಮುಚ್ಚಿದ ಲಕೋಟೆಯಲ್ಲಲ್ಲ, ಊರೆಲ್ಲ ಓದುವ ಹಾಗೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಹೈಸ್ಕೂಲು ಮುಗಿಸಿದವಳು, ನಾಲ್ಕು ಮಕ್ಕಳನ್ನು ಬೆಳೆಸಿದವಳು. ಮಾವ, ಮೈದುನ, ಅಳಿಯಂದಿರ ಮುಂದೆ ಮೂತ್ರ ಎಂಬ ಪದವನ್ನು ಬಾಯಿಬಿಟ್ಟು ಆಡಿದವಳಲ್ಲ. ನಮ್ಮ ಮನೆಯಲ್ಲಿ ಅದಕ್ಕೊಂದು ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಈ ಪತ್ರದಲ್ಲಿ ಆ ಪದ ಮತ್ತೆ ಮತ್ತೆ ಬರುತ್ತದೆ. ಹೃದಯ ಸಪ್ತಾಹದ ನಿಮ್ಮ ಭಾಷಣದಲ್ಲಿ ಅದು ಒಮ್ಮೆಯೂ ಬರಲಿಲ್ಲ. ನಮ್ಮಿಬ್ಬರಲ್ಲಿ ಯಾರಾದರೂ ನಾಚಿಕೆ ಬಿಡಲೇಬೇಕಿತ್ತು. ವಯಸ್ಸಿನಲ್ಲಿ ಹಿರಿಯಳೆಂದು ನಾನೇ ಬಿಟ್ಟೆ.

ಆ ಲಾಂಡ್ರಿ ನಿಮಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿಂದ ಬರುವ ಬಿಳುಪು ಮಾತ್ರ ಗೊತ್ತಿರುತ್ತದೆ. ತಗ್ಗಾದ ತಗಡಿನ ಮಾಡಿನ ಒಂದು ಉದ್ದನೆಯ ಕಟ್ಟಡ. ಒಂದು ತುದಿಯಲ್ಲಿ ಬಾಯ್ಲರು, ನಡುವೆ ಆಳೆತ್ತರದ ಒಗೆಯುವ ಯಂತ್ರಗಳು, ಇನ್ನೊಂದು ತುದಿಯಲ್ಲಿ ಹಬೆಯಿಂದ ಕಾದ ಇಸ್ತ್ರಿ ರೋಲರುಗಳು. ನನ್ನ ಮಗ ಒಗೆಯುವ ಯಂತ್ರದ ಬಳಿ ನಿಲ್ಲುತ್ತಿದ್ದ. ಅವನ ಹೆಂಡತಿ, ನನ್ನ ಹಿರಿಸೊಸೆ, ಈಗಲೂ ರೋಲರಿನ ಮುಂದೆ ನಿಲ್ಲುತ್ತಾಳೆ. ಒಬ್ಬಳು ಒದ್ದೆ ಬಟ್ಟೆ ಒಳಗೆ ಕೊಡಬೇಕು, ಇನ್ನೊಬ್ಬಳು ಆಚೆ ಹಿಡಿಯಬೇಕು. ರೋಲರು ತಿರುಗುತ್ತಿರುವಷ್ಟು ಹೊತ್ತು ಇಬ್ಬರೂ ಅಲ್ಲಾಡುವ ಹಾಗಿಲ್ಲ. ಅಲ್ಲಿನ ಸೂಪರ್‌ವೈಸರಿಗೆ ಕೆಲಸದವರು ಇಟ್ಟ ಹೆಸರು ‘ಗಡಿಯಾರ’. ಯಾರಾದರೂ ಪಾಯಿಖಾನೆಯ ಕಡೆ ಹೊರಟರೆ ಸಾಕು, ಆತ ಅವರ ಮುಖ ನೋಡುವುದಿಲ್ಲ, ಗೋಡೆಯ ಗಡಿಯಾರ ನೋಡುತ್ತಾನೆ. ನೀರು ಕುಡಿದರೆ ಹೋಗಬೇಕಾಗುತ್ತದೆ, ಹೋದರೆ ಅವನ ಕತ್ತು ಗೋಡೆಯ ಕಡೆ ತಿರುಗುತ್ತದೆ. ಹಾಗಾಗಿ ಆ ಕುಲುಮೆಯಂಥ ಜಾಗದಲ್ಲಿ ಬೆವರು ಸುರಿಸುತ್ತ ನಿಂತವರು ನೀರನ್ನೇ ಕುಡಿಯುವುದಿಲ್ಲ. ಸೊಂಟ ಹಿಡಿದರೆ, ತಲೆ ಸಿಡಿದರೆ ಅವನ ಮೇಜಿನ ಮೇಲೊಂದು ಪ್ಲಾಸ್ಟಿಕ್ ಡಬ್ಬಿಯಿದೆ. ಅದರಿಂದ ನೋವಿನ ಮಾತ್ರೆಯನ್ನು ಪೆಪ್ಪರ್‌ಮಿಂಟಿನಂತೆ ಹಂಚುತ್ತಾನೆ. ಅದೊಂದರಲ್ಲಿ ಮಾತ್ರ ಆತ ಬಹಳ ಧಾರಾಳಿ.

ಪಾಯಿಖಾನೆ ಇರುವುದು ಯಂತ್ರಗಳ ಹಿಂದೆ. ಬಟ್ಟೆ ಒಗೆದ ನೀರು ಹರಿಯುವ ಚರಂಡಿ ಅದರ ಅಡಿಯಲ್ಲೇ ಹೋಗುವುದರಿಂದ ಅಲ್ಲಿ ಯಾವಾಗಲೂ ನೊರೆ ಉಕ್ಕುತ್ತಿರುತ್ತದೆ. ಅಷ್ಟು ಸೋಪಿನ ನೊರೆಯಲ್ಲಿ ತನ್ನ ಮೈಯ ನೊರೆಯನ್ನು ಯಾರು ಹುಡುಕಿಯಾರು? ಆದರೆ ನೊರೆ ಮನೆಗೂ ಬಂತು. ಹಳೆಯ ಕೆಲಸಗಾರರಿಗೆ ಮನೆಯ ಬಚ್ಚಲಿನಲ್ಲೂ ಮೂತ್ರ ನೊರೆಗಟ್ಟುತ್ತಿತ್ತು. ಲಾಂಡ್ರಿಯಲ್ಲಿ ಅದಕ್ಕೊಂದು ಮಾತೇ ಹುಟ್ಟಿಕೊಂಡಿತ್ತು: ‘ಸೋಪು ಹಿಡೀತು.’ ಇಷ್ಟು ವರ್ಷ ಸೋಪಿನಲ್ಲಿ ಮುಳುಗಿದವನ ಮೈಯೊಳಗೇ ಸೋಪು ಇಳಿದಿದೆ, ಈಗ ಹೊರಗೆ ಬರುತ್ತಿದೆ ಎಂದು ಅರ್ಥ. ಸೋಪು ಹಿಡಿದವನು ಪಕ್ಕಾ ಲಾಂಡ್ರಿಯವನು. ಅವನ ಬೆನ್ನು ತಟ್ಟಿ ಎಲ್ಲರೂ ನಗುತ್ತಿದ್ದರು.

ನನ್ನ ಮಗ ಮಹಾ ಮಾತುಗಾರ. ಒಂದು ದಿನ ಊಟಕ್ಕೆ ಕೂತವನೇ ಶುರುಮಾಡಿದ.

“ಅಮ್ಮಾ, ಇನ್ಮೇಲೆ ಸೋಪಿನ ಪುಡಿ ತರಬೇಡ. ನಾನೇ ಒಂದು ಡಬ್ಬಿ ಆಗಿದೀನಿ.”

“ಥೂ! ಊಟದ ಹೊತ್ತಲ್ಲಿ ಇದೇನು ಮಾತೋ? ನಾಲಿಗೆಗೆ ಇಸ್ತ್ರಿ ಹಾಕ್ತೀನಿ ನೋಡು.”

“ಇಸ್ತ್ರಿ ಹಾಕೋಳು ಪಕ್ಕದಲ್ಲೇ ಕೂತಿದಾಳೆ, ನಿಂಗ್ಯಾಕೆ ತೊಂದ್ರೆ?”

ಸೊಸೆ ಮುಖ ತಿರುಗಿಸಿಕೊಂಡು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಆ ದಿನಗಳಲ್ಲೇ ನಿಮ್ಮ ಹೃದಯ ಶಿಬಿರ ಲಾಂಡ್ರಿಗೇ ಬಂದಿತ್ತು. ಬಂದದ್ದು ಒಳ್ಳೆಯದೇ, ಇಲ್ಲವೆನ್ನಲಾರೆ. ತೋಳಿಗೆ ಪಟ್ಟಿ ಕಟ್ಟಿದರು, ಮಗನಿಗೆ ರಕ್ತದೊತ್ತಡ ಹೆಚ್ಚಿದೆ ಎಂದರು, ಉಪ್ಪು ಕಡಿಮೆ ತಿನ್ನಿ, ಟೆನ್ಷನ್ ಮಾಡ್ಕೋಬೇಡಿ ಎಂದು ಬುದ್ಧಿ ಹೇಳಿದರು, ಕೆಂಪು ಹೃದಯದ ಒಂದು ಸ್ಟಿಕ್ಕರು ಕೊಟ್ಟರು. ಅದು ಇವತ್ತಿಗೂ ನಮ್ಮ ಬೀರುವಿನ ಬಾಗಿಲಿಗೆ ಅಂಟಿಕೊಂಡಿದೆ, ಕೆರೆದರೂ ಬಿಡುವುದಿಲ್ಲ. ಆದರೆ ಮೈಯಲ್ಲಿ ಒಂದು ಚೂರೂ ಕೊಬ್ಬಿಲ್ಲದ, ಬೀಡಿ ಮುಟ್ಟದ, ದಿನವಿಡೀ ದುಡಿಯುವ ಗಂಡಸಿಗೆ ಆ ವಯಸ್ಸಿನಲ್ಲಿ ಅಷ್ಟು ಒತ್ತಡ ಯಾಕೆ ಎಂದು ಒಬ್ಬರಾದರೂ ಕೇಳಿದರೇ? ಒಂದು ಪುಟ್ಟ ಸೀಸೆಯಲ್ಲಿ ಮೂತ್ರ ಹಿಡಿದು, ಒಂದು ಕಾಗದದ ಪಟ್ಟಿಯನ್ನು ಅದ್ದಿ ಬಣ್ಣ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವೇ? ಅದು ಹೃದಯದ ಶಿಬಿರವಂತೆ. ಮೂತ್ರ ಬೇರೆ ವಿಭಾಗದ ವಿಷಯವಂತೆ. ಮನುಷ್ಯನ ಮೈಯೊಳಗೆ ರಕ್ತ ಹರಿಯುವಾಗ ನಿಮ್ಮ ವಿಭಾಗಗಳ ಬೋರ್ಡು ಓದಿಕೊಂಡು ಹರಿಯುತ್ತದೆಯೇ?

ಅವನು ಯಂತ್ರದ ಬಳಿ ಕುಸಿದು ಬಿದ್ದ ದಿನ ಹೃದಯದ ವಾರ್ಡಿಗೆ ಸೇರಿಸಿದೆವು. ಅವನ ಮೇಲೆ ಹೊದಿಸಿದ ಬಟ್ಟೆ ಯಾವ ಲಾಂಡ್ರಿಯಿಂದ ಬಂದದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಡಾಕ್ಟರು ಸಣ್ಣ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ರಕ್ತದ ವರದಿ ನೋಡಿ ನಮ್ಮ ಕಡೆ ತಿರುಗಿದರು.

“ಇವರಿಗೆ ಮೂತ್ರದಲ್ಲಿ ನೊರೆ ಬರ್ತಿತ್ತಾ?”

ನಾನು ಸೊಸೆಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

“ಬರ್ತಿತ್ತು,” ಅಂದೆ. “ಅದನ್ನ ಹೇಳಿ ನಮ್ಮನ್ನ ನಗಿಸ್ತಿದ್ದ.”

ಅವರು ನಿಂತೇ ವಿವರಿಸಿದರು. ನೊರೆ ಬಂದವರಿಗೆಲ್ಲ ಕಾಯಿಲೆಯಿದೆ ಎಂದಲ್ಲ, ಆದರೆ ಮೂತ್ರಪಿಂಡದಲ್ಲಿ ರಕ್ತ ಸೋಸುವ ಜಾಲರಿ ತೂತಾಗಿ ಪ್ರೋಟೀನು ಸೋರಿದಾಗ ಹೀಗೆ ನೊರೆಯೇಳುತ್ತದಂತೆ. ಮೂತ್ರಪಿಂಡ ಸೋತರೆ ರಕ್ತದ ಒತ್ತಡ ಏರುತ್ತದೆ, ಏರಿದ ಒತ್ತಡ ಮೂತ್ರಪಿಂಡವನ್ನೇ ಮತ್ತಷ್ಟು ಕೆಡಿಸುತ್ತದೆ. ಹೊರಹೋಗಬೇಕಾದ ನೀರು, ಉಪ್ಪು ಮೈಯಲ್ಲೇ ನಿಂತು ಹೃದಯದ ಮೇಲೆ ಹೊರೆ ಬೀಳುತ್ತದೆ, ರಕ್ತನಾಳಗಳು ಗಡುಸಾಗುತ್ತವೆ. ಮೂತ್ರಪಿಂಡದ ಕಾಯಿಲೆಯವರಲ್ಲಿ ಬಹಳ ಮಂದಿ ಡಯಾಲಿಸಿಸ್‌ವರೆಗೂ ಬರುವುದೇ ಇಲ್ಲ, ಅದಕ್ಕೆ ಮೊದಲೇ ಹೃದಯ ಕೈಕೊಡುತ್ತದೆ ಎಂದರು. ನನ್ನ ಮಗನೂ ಅಲ್ಲಿಯವರೆಗೆ ಬರಲಿಲ್ಲ. ಮರುದಿನವೇ ಹೋದ.

ಆಸ್ಪತ್ರೆ ಕೊಟ್ಟ ಮರಣ ಪತ್ರದಲ್ಲಿ, ಸಾವಿನ ಕಾರಣದ ಜಾಗದಲ್ಲಿ ಹೃದಯ ಎಂದು ಮಾತ್ರ ಇತ್ತು. ನಾನು ಅದೇ ಡಾಕ್ಟರನ್ನು ಹುಡುಕಿಕೊಂಡು ಹೋದೆ.

“ಕಿಡ್ನಿ ಅಂತಾನೂ ಬರೀರಪ್ಪ. ನೀವೇ ಹೇಳಿದ್ರಲ್ಲ.”

“ಪ್ರಾಣ ಹೋಗಿದ್ದು ಹೃದಯದಿಂದ ಅಮ್ಮಾ. ಇಲ್ಲಿ ಹಾಗೇ ಬರೆಯೋದು. ಏನು ಬರೆದ್ರೂ ಮಗ ವಾಪಸ್ ಬರಲ್ಲ.”

“ನನ್ನ ಮಗನಿಗೋಸ್ಕರ ಯಾರು ಕೇಳಿದ್ರು? ಅವನ ಪಕ್ಕದ ಯಂತ್ರದಲ್ಲಿ ಇನ್ನೂ ನಿಂತಿದಾರಲ್ಲ, ಅವರಿಗೋಸ್ಕರ ಕೇಳ್ತಿದೀನಿ.”

ಆ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ‘ಇಲ್ಲಿ ಹಾಗೇ ಬರೆಯೋದು’ ಎಂಬ ಪಾಠ ಹೇಳಿಕೊಟ್ಟವರು ಯಾರೋ, ಸಿಟ್ಟು ಅವರ ಮೇಲೆ.

ಒಂದು ತಿಂಗಳು ಕಳೆದಿರಬೇಕು. ಸೊಸೆ ಕೆಲಸದಿಂದ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿತ್ತು.

“ಅತ್ತೆ, ಒಂದು ಮಾತು. ಬೈಬಾರದು.”

“ಬೈಯೋದೋ ಬಿಡೋದೋ ಕೇಳಿದ ಮೇಲೆ ನೋಡೋಣ. ಹೇಳು.”

“ನಂಗೂ ಸೋಪು ಹಿಡಿದಿದೆ.”

ಯಜಮಾನರು ಹೋದಾಗಲೂ, ಮಗ ಹೋದಾಗಲೂ ಜನರ ಮುಂದೆ ಅಳದವಳು ನಾನು. ಅವತ್ತು ಒಲೆ ಆರಿಸಿ, ಆ ಹುಡುಗಿಯ ಕಾಲಿನ ಚಪ್ಪಲಿಯನ್ನು ನಾನೇ ಬಿಚ್ಚಿದೆ. ಮರುದಿನ ಬೆಳಿಗ್ಗೆ ಕೈಹಿಡಿದು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಪ್ರೋಟೀನು ಸೋರುತ್ತಿದೆ, ಒತ್ತಡವೂ ಏರಿದೆ. ಆದರೆ ಡಾಕ್ಟರು ಒಂದು ಮಾತು ಹೇಳಿದರು: “ಬೇಗ ಬಂದಿದೀರಿ.” ಔಷಧಿ ತಪ್ಪಿಸದೆ, ಮೂತ್ರಪಿಂಡಕ್ಕೆ ಒಳ್ಳೆಯದಲ್ಲದ ನೋವಿನ ಮಾತ್ರೆ ಬಿಟ್ಟು, ಒತ್ತಡ ಹತೋಟಿಯಲ್ಲಿಟ್ಟುಕೊಂಡರೆ ಇದನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಬಹುದಂತೆ, ಹೃದಯವನ್ನೂ ಕಾಪಾಡಿಕೊಳ್ಳಬಹುದಂತೆ. ಬೇಗ ಎಂಬ ಆ ಎರಡಕ್ಷರ ನನ್ನ ಮಗನಿಗೆ ಸಿಗಲಿಲ್ಲ.

ಸೊಸೆ ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿದಳು. ನಗು ನಿಂತಿತು, ಆದರೆ ಪರೀಕ್ಷೆಗೆ ಒಬ್ಬರೂ ಬರಲಿಲ್ಲ. “ಕಾಯಿಲೆ ಅಂತ ಗೊತ್ತಾದ್ರೆ ಗಡಿಯಾರ ನಾಳೆನೇ ಮನೆಗೆ ಕಳಿಸ್ತಾನೆ ಕಣೇ. ನೀನು ಬಾಯಿ ಮುಚ್ಕೊಂಡಿರು” ಎಂದರಂತೆ. ಅವರ ಭಯ ಸುಳ್ಳಲ್ಲ. ಆ ಭಯವನ್ನು ತೆಗೆಯುವ ಅಧಿಕಾರ ನನಗಿಲ್ಲ, ನಿಮಗಿದೆ. ಅದಕ್ಕೇ ನಿಮ್ಮ ಹೃದಯ ಸಪ್ತಾಹದ ಸಭೆಗೆ ಬಂದೆ.

ಎರಡನೆಯ ಸಾಲಿನಲ್ಲಿ ಕೂತಿದ್ದೆ. ವೇದಿಕೆಯ ತುಂಬ ಕೆಂಪು ಬಲೂನು. ನಮ್ಮ ವ್ಯಾಪ್ತಿಯಲ್ಲಿ ಮೂತ್ರಪಿಂಡ ಕಾಯಿಲೆಯ ಹೊರೆ ಗಣನೀಯವಲ್ಲ, ನಮ್ಮ ನಿಜವಾದ ಶತ್ರು ಹೃದ್ರೋಗ ಎಂದಿರಿ. ನಾನು ಎದ್ದು ನಿಂತೆ. ಪ್ರಶ್ನೆಗಳು ಕೊನೆಗೆ ಎಂದು ಕೂರಿಸಿದರು. ಕೊನೆಗೆ ಬಂದದ್ದು ಚಹಾ. ಮೆಟ್ಟಿಲ ಬಳಿ ನಿಮ್ಮನ್ನು ಅಡ್ಡಗಟ್ಟಿದವಳು ನಾನೇ, ನೆನಪಿರಬಹುದು.

“ಅಂಕಿಅಂಶ ಇಲ್ದೆ ನಾವು ಏನೂ ಮಾಡೋಕಾಗಲ್ಲಮ್ಮ.”

“ಅಂಕಿಅಂಶ ಎಲ್ಲಿಂದ ಬರುತ್ತೆ ಸ್ವಾಮಿ?”

“ಕಿಡ್ನಿ ವಿಭಾಗದಿಂದ.”

“ಅಲ್ಲಿಗೆ ಬರೋ ಮೊದಲೇ ಹಾರ್ಟ್ ವಾರ್ಡಲ್ಲಿ ಸತ್ತೋರು?”

“ಅವರು ಹೃದಯದ ಲೆಕ್ಕಕ್ಕೆ ಬರ್ತಾರೆ,” ಎಂದು ನಕ್ಕು ಕಾರು ಹತ್ತಿದಿರಿ.

ಕಾರು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ನಿಮ್ಮ ಉತ್ತರ ಎಷ್ಟು ಚೊಕ್ಕವಾಗಿದೆ ನೋಡಿ! ಮೂತ್ರಪಿಂಡ ಕೆಟ್ಟವರನ್ನು ಹೃದಯ ಮೊದಲೇ ಕರೆದೊಯ್ಯುತ್ತದೆ. ಹಾಗೆ ಹೋದವರನ್ನು ನೀವು ಹೃದಯದ ಲೆಕ್ಕಕ್ಕೆ ಹಾಕುತ್ತೀರಿ. ಆಮೇಲೆ ಮೂತ್ರಪಿಂಡದ ಲೆಕ್ಕ ತೆಗೆದು ನೋಡಿ, ಅರೆ, ಇಲ್ಲಿ ಯಾರೂ ಇಲ್ಲವಲ್ಲ ಎನ್ನುತ್ತೀರಿ. ಯಾರೂ ಇಲ್ಲವಾದ್ದರಿಂದ ಮೂತ್ರ ಪರೀಕ್ಷೆ ಬೇಡ. ಪರೀಕ್ಷೆ ಇಲ್ಲವಾದ್ದರಿಂದ ಮುಂದೆಯೂ ಯಾರೂ ಸಿಗುವುದಿಲ್ಲ. ಕಾಯಿಲೆಯನ್ನು ಇಷ್ಟು ಅಗ್ಗವಾಗಿ ಹೋಗಲಾಡಿಸಿದ ಇಲಾಖೆ ಬೇರೆ ಎಲ್ಲಾದರೂ ಇದೆಯೇ?

ನೀವು ಕೇಳಿದ ಅಂಕಿಅಂಶ ನನ್ನಲ್ಲಿಲ್ಲ. ಆದರೆ ಒಂದು ಮಾತು ಯೋಚಿಸಿ. ಒಂದು ಕಾಯಿಲೆಯ ಮೇಲೆ ತಮಾಷೆ ಹುಟ್ಟಬೇಕಾದರೆ, ಅದನ್ನು ಹೇಳಿದ ಕೂಡಲೇ ಇಡೀ ಲಾಂಡ್ರಿ ನಗಬೇಕಾದರೆ, ಆ ಕಾಯಿಲೆ ಅಲ್ಲಿ ಎಷ್ಟು ಮೈಗಳಲ್ಲಿ ಇರಬೇಕು? ಒಬ್ಬನಿಗೆ ಬಂದದ್ದನ್ನು ಹೇಳಿದರೆ ಜನ ಮರುಗುತ್ತಾರೆ. ಎಲ್ಲರಿಗೂ ಬಂದದ್ದಕ್ಕೆ ಮಾತ್ರ ಹಾಗೆ ನಗುತ್ತಾರೆ. ಬಿಸಿಲಿಗಿಂತ ಹೆಚ್ಚಿನ ಆ ಕಾವು ಕಾರಣವೋ, ಕುಡಿಯದ ನೀರೋ, ಡಬ್ಬಿಯ ಮಾತ್ರೆಯೋ, ಮೂರೂ ಸೇರಿಯೋ, ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವುದಕ್ಕೆ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದ್ದಾರೆ.

ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಕೆಲಸದ ದಿನವೊಂದರಲ್ಲಿ, ಬಾಯ್ಲರು ಉರಿಯುತ್ತಿರುವಾಗ, ಲಾಂಡ್ರಿಗೆ ಬನ್ನಿ. ಬಲೂನು ಬೇಡ, ಸೀಸೆಗಳನ್ನು ತನ್ನಿ. ಕಾಯಿಲೆ ಕಂಡವರನ್ನು ಕೆಲಸದಿಂದ ತೆಗೆಯಕೂಡದೆಂಬ ಆದೇಶವನ್ನು ಅಂದೇ ಗೋಡೆಗೆ ಅಂಟಿಸಿ, ಗಡಿಯಾರ ಇರುವ ಗೋಡೆಗೇ. ಕುಡಿಯುವ ನೀರು ಕೈಗೆಟುಕುವಲ್ಲಿ ಇರಲಿ, ರೋಲರಿನ ಮುಂದೆ ನಿಂತವರನ್ನು ಆಗಾಗ ಬಿಡಿಸಲು ಒಬ್ಬರನ್ನು ನೇಮಿಸಿ, ಮಾತ್ರೆಯ ಡಬ್ಬಿ ಎತ್ತಿಸಿ. ಹೃದಯದ ವಾರ್ಡಿನಲ್ಲಿ ಸತ್ತವರ ಮೂತ್ರಪಿಂಡಗಳ ಸ್ಥಿತಿಯನ್ನೂ ಬರೆಯಿರಿ, ನನ್ನ ಮಗನಿಂದಲೇ ಶುರುಮಾಡಿ.

ಯಾರೂ ಸೀಸೆ ಹಿಡಿದು ಮುಂದೆ ಬರುವುದಿಲ್ಲವೆಂದು ನೀವು ಹೇಳಬಹುದು. ಬರುತ್ತಾರೆ. ಅವತ್ತು ಆ ಗೇಟಿನಲ್ಲಿ ನಾನು ನಿಂತಿರುತ್ತೇನೆ. ಮೊದಲ ಸೀಸೆ ನನ್ನ ಸೊಸೆಯದು. ಎರಡನೆಯದು, ಇಷ್ಟು ವರ್ಷ ಚಿಲಕ ಹಾಕಿ ಬದುಕಿದ ಈ ಮುದುಕಿಯದು, ಎಲ್ಲರೂ ನೋಡುತ್ತಿರುವಾಗಲೇ ಕೊಡುತ್ತೇನೆ. ಮೂರನೆಯದು ನಿಮ್ಮದಾಗಲಿ. ನಿಮ್ಮ ಮೂತ್ರಪಿಂಡಕ್ಕೆ ನಿಮ್ಮ ಹುದ್ದೆ ಗೊತ್ತಿಲ್ಲ. ನಾವು ಮೂವರು ಕೊಟ್ಟ ಮೇಲೆ ನಾಲ್ಕನೆಯವರು ತಾವಾಗಿ ಸಾಲಿಗೆ ನಿಲ್ಲುತ್ತಾರೆ.

ಇಂತಿ,
ತಮ್ಮ ವಿಧೇಯಳು ಎಂದು ಬರೆಯಲು ಶಾಲೆಯಲ್ಲಿ ಕಲಿಸಿದ್ದರು, ಆದರೆ ಆ ವಿಧೇಯತೆ ಮಗನ ಜೊತೆಗೇ ಹೋಯಿತು. ಹಾಗಾಗಿ ಹೀಗೆ ಸಹಿ ಮಾಡುತ್ತಿದ್ದೇನೆ:
ನಿಮ್ಮ ಹೃದಯದ ಲೆಕ್ಕಕ್ಕೆ ಒಬ್ಬನನ್ನು ಕೊಟ್ಟವಳು, ಇನ್ನೊಬ್ಬಳನ್ನು ಕೊಡಲೊಲ್ಲದವಳು